ವೈಲ್ಡ್‌ಲೈಫ್ ಇಂಟರ್ನ್‌ಶಿಪ್ ಬೇಕಾ? ಮೊದಲು ಪೊರಕೆ ಹಿಡಿಯೋಕೆ ರೆಡಿ ಆಗಿ

ಸಿಂಹದ ಮರಿನ ತೊಡೆ ಮೇಲೆ ಕೂರಿಸ್ಕೊಂಡು ಬಾಟ್ಲಿಲಿ ಹಾಲು ಕುಡಿಸ್ತಿರೋ ಫೋಟೋ ನೋಡಿ "ನಂಗೂ ಇಂಥ ಇಂಟರ್ನ್‌ಶಿಪ್ ಬೇಕು, ಎಲ್ಲಿ ಅಪ್ಲೈ ಮಾಡ್ಲಿ" ಅಂತ ಕೇಳೋರು ತುಂಬಾ ಜನ ಇದಾರೆ. ಅವರಿಗೆಲ್ಲ ನಾನು ಹೇಳೋದು ಒಂದೇ, ಆ ಫೋಟೋ ತೆಗೆಸ್ಕೊಳ್ಳೋಕೆ ಬಿಡೋ ಜಾಗ ಒಂದನ್ನ ಬಿಟ್ಟು ಬೇರೆ ಎಲ್ಲಾದ್ರೂ ಅಪ್ಲೈ ಮಾಡಿ. ಕೇಳೋಕೆ ವಿಚಿತ್ರ ಅನ್ಸಬಹುದು, ಆದ್ರೆ ಒಳ್ಳೆ ಸೆಂಟರ್‌ನ ಗುರುತು ಹಿಡಿಯೋ ಸುಲಭದ ದಾರಿ ಅಂದ್ರೆ ಅಲ್ಲಿ ನಿಮ್ಮನ್ನ ಪ್ರಾಣಿಯಿಂದ ಎಷ್ಟು ದೂರ ಇಡ್ತಾರೆ ಅಂತ ನೋಡೋದು.

ಯಾಕೆ ಅಂದ್ರೆ, ಎಷ್ಟೋ ಮರಿಗಳು, ಅದ್ರಲ್ಲೂ ಹಕ್ಕಿಮರಿಗಳು, ಕಣ್ಣು ಬಿಟ್ಟ ಶುರುವಿನಲ್ಲಿ ಯಾರನ್ನ ನೋಡ್ತವೋ ಅವರನ್ನೇ ತಮ್ಮ ಜಾತಿ ಅಂದ್ಕೊಂಡ್ಬಿಡ್ತವೆ. ಇಂಪ್ರಿಂಟಿಂಗ್ ಅಂತಾರೆ ಇದನ್ನ. ಕಾನ್ರಾಡ್ ಲೊರೆಂಜ್ ಅನ್ನೋ ಪ್ರಾಣಿ ವಿಜ್ಞಾನಿಯ ಹಿಂದೆ ಬಾತುಮರಿಗಳ ಥರ ಸಾಲಾಗಿ ಹೋಗ್ತಿದ್ದ ಹೆಬ್ಬಾತಿನ ಮರಿಗಳ ಕಥೆ ಕೇಳಿರ್ತೀರ, 1973ರಲ್ಲಿ ನೊಬೆಲ್ ಬಂತಲ್ಲ ಅವ್ರಿಗೆ. ನೋಡೋಕೆ ಮುದ್ದಾಗಿರತ್ತೆ, ಆದ್ರೆ ಮನುಷ್ಯರನ್ನ ಅಮ್ಮ ಅಂದ್ಕೊಂಡಿರೋ ಗೂಬೆನ ಕಾಡಿಗೆ ಬಿಟ್ರೆ ಅದಕ್ಕೆ ಜೋಡಿ ಸಿಗಲ್ಲ, ಊಟ ಕೇಳ್ಕೊಂಡು ಯಾರದ್ದೋ ಮನೆ ಅಂಗಳಕ್ಕೆ ಬಂದು ಕೂರತ್ತೆ. ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ದೊಡ್ಡ ರಣಹದ್ದು 1987ರಲ್ಲಿ ಪ್ರಪಂಚದಲ್ಲೇ 27 ಉಳಿದಿತ್ತು, ಎಲ್ಲವನ್ನೂ ಹಿಡಿದು ಸಾಕಿ, ಮರಿಗಳಿಗೆ ಕಾಂಡೋರ್ ತಲೆಯ ಆಕಾರದ ಕೈಗೊಂಬೆ ಹಾಕ್ಕೊಂಡು ಊಟ ಕೊಟ್ರು, ಮನುಷ್ಯರ ಮುಖ ಕಾಣ್ಬಾರ್ದು ಅಂತ. 1992ರಿಂದ ಮತ್ತೆ ಬಿಡೋಕೆ ಶುರು ಮಾಡಿದ್ದು. ಅಷ್ಟೆಲ್ಲ ಕಷ್ಟಪಟ್ಟು ಮುಖ ಮುಚ್ಕೊಳ್ಳೋ ಕೆಲಸ ಇದು, ಸೆಲ್ಫಿ ತಗೊಳ್ಳೋ ಕೆಲಸ ಅಲ್ವೇ ಅಲ್ಲ.

ಇನ್ನು ಆ ಸಿಂಹದ ಮರಿ. ಕೆಲವು ಕಡೆ ಮರಿಗಳನ್ನ ಹುಟ್ಟಿದ ಕೆಲವೇ ದಿನಕ್ಕೆ ತಾಯಿಂದ ಬೇರೆ ಮಾಡ್ತಾರೆ, ತಾಯಿ ಬೇಗ ಮತ್ತೆ ಮರಿ ಹಾಕ್ಲಿ ಅಂತ, ಆಮೇಲೆ "ಅನಾಥ ಮರಿ" ಅಂತ ಹೇಳಿ ವಾಲಂಟಿಯರ್‌ಗಳ ಹತ್ರ ದುಡ್ಡು ಇಸ್ಕೊಂಡು ಹಾಲು ಕುಡಿಸೋಕೆ ಬಿಡ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಇಂಥ ಮರಿಗಳು ಬೆಳೆದ ಮೇಲೆ ಬೇಲಿ ಒಳಗೆ ಕೂಡಿಹಾಕಿ ಕೊಲ್ಲೋ ಬೇಟೆಗೆ ಬಲಿ ಆಗಿದ್ದು ದಾಖಲಾಗಿರೋ ವಿಷಯ. ಅದಕ್ಕೆ ಅಪ್ಲೈ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಪ್ರಾಣಿಗಳು ಎಲ್ಲಿಂದ ಬರ್ತವೆ, ಬೆಳೆದ ಮೇಲೆ ಎಲ್ಲಿಗೆ ಹೋಗ್ತವೆ, ಇಲ್ಲೇ ಮರಿ ಹಾಕಿಸ್ತೀರಾ. ಸ್ಯಾಂಕ್ಚುರಿ, ಅಂದ್ರೆ ಪ್ರಾಣಿಗಳ ಆಶ್ರಯಧಾಮ, ಅಂತ ಬೋರ್ಡ್ ಹಾಕ್ಕೊಂಡು ವರ್ಷಪೂರ್ತಿ ಮರಿ ಇರೋ ಜಾಗ ಅಂದ್ರೆ ಅಲ್ಲೇನೋ ಎಡವಟ್ಟಿದೆ ಅಂತಾನೇ ಅರ್ಥ. ಗ್ಲೋಬಲ್ ಫೆಡರೇಶನ್ ಆಫ್ ಅನಿಮಲ್ ಸ್ಯಾಂಕ್ಚುರೀಸ್ ಅಂತ 2007ರಿಂದ ಒಂದು ಸಂಸ್ಥೆ ಇದೆ, ಅವರು ಪರೀಕ್ಷೆ ಮಾಡಿ ಮಾನ್ಯತೆ ಕೊಟ್ಟಿರೋ ಜಾಗಗಳ ಪಟ್ಟಿ ಸಿಗತ್ತೆ, ಅದರಲ್ಲಿ ಇಲ್ಲ ಅಂದ ಮಾತ್ರಕ್ಕೆ ಕೆಟ್ಟ ಜಾಗ ಅಂತಲ್ಲ, ಆದ್ರೆ ಹುಡುಕೋಕೆ ಶುರು ಮಾಡೋಕೆ ಚೆನ್ನಾಗಿದೆ. ದುಡ್ಡಿನ ವಿಷಯನೂ ಅಷ್ಟೇ, ಊಟ ರೂಮಿಗೆ ಅಂತ ಸ್ವಲ್ಪ ತಗೊಳ್ಳೋ ಒಳ್ಳೆ ಸಂಸ್ಥೆಗಳೂ ಇವೆ, ಸಣ್ಣ ಸಂಸ್ಥೆಗಳ ಹತ್ರ ನಿಜವಾಗ್ಲೂ ದುಡ್ಡಿರಲ್ಲ. ಆದ್ರೆ ಜಾಸ್ತಿ ದುಡ್ಡು ಕೊಟ್ರೆ ಜಾಸ್ತಿ ಮುಟ್ಬೋದು ಅಂತ ಪ್ಯಾಕೇಜ್ ಇದ್ರೆ ಎದ್ದು ಬಂದ್ಬಿಡಿ.

ಯಾವ ಥರದ ಕೆಲಸ ನಿಮಗೆ ಸರಿ ಹೋಗತ್ತೆ ಅನ್ನೋದನ್ನೂ ಮೊದಲೇ ಯೋಚಿಸ್ಕೊಳ್ಳಿ. ಗಾಯ ಆಗಿರೋ, ತಾಯಿ ಇಲ್ಲದ ಪ್ರಾಣಿಗಳನ್ನ ವಾಸಿ ಮಾಡಿ ವಾಪಸ್ ಬಿಡೋ ರಿಹ್ಯಾಬ್ ಸೆಂಟರ್ ಒಂದು ಥರ, ವಾಪಸ್ ಬಿಡೋಕೆ ಆಗದ ಪ್ರಾಣಿಗಳನ್ನ ಜೀವನಪೂರ್ತಿ ನೋಡ್ಕೊಳ್ಳೋ ಸ್ಯಾಂಕ್ಚುರಿ ಇನ್ನೊಂದು ಥರ, ಝೂ ಬೇರೆ, ಕಾಡಲ್ಲಿ ಡೇಟಾ ಕಲೆಕ್ಟ್ ಮಾಡೋ ಫೀಲ್ಡ್ ರಿಸರ್ಚ್ ಪೂರ್ತಿ ಬೇರೆ. ರಿಹ್ಯಾಬ್‌ನಲ್ಲಿ ಮರಿ ಸೀಸನ್‌ನಲ್ಲಿ ಕೆಲಸ ತಲೆ ಮೇಲೆ ಹೋಗತ್ತೆ, ಸಣ್ಣ ಹಕ್ಕಿಮರಿಗಳಿಗೆ ಬೆಳಗ್ಗಿಂದ ಕತ್ತಲಾಗೋವರೆಗೂ ಅರ್ಧ ಗಂಟೆಗೊಂದ್ಸಲ ಊಟ ಕೊಡ್ಬೇಕು, ಒಂದು ತುದಿಯಿಂದ ಕೊಟ್ಕೊಂಡು ಹೋಗಿ ಇನ್ನೊಂದು ತುದಿ ಮುಟ್ಟೋಷ್ಟ್ರಲ್ಲಿ ಮೊದಲನೇದು ಮತ್ತೆ ಬಾಯಿ ಬಿಟ್ಕೊಂಡಿರತ್ತೆ. ಅದೇ ಸಮಯಕ್ಕೆ ಅವರಿಗೆ ಜನ ಬೇಕಾಗಿರೋದು, ಹಾಗಾಗಿ ಆ ಸೀಸನ್‌ಗೆ ನಾಲ್ಕೈದು ತಿಂಗಳು ಮುಂಚೆನೇ ಮೇಲ್ ಹಾಕಿ, ಶುರು ಆದ್ಮೇಲೆ ಹಾಕಿದ್ರೆ ಓದೋಕೂ ಅವರಿಗೆ ಟೈಮ್ ಇರಲ್ಲ.

ಬಯಾಲಜಿ ಓದಿಲ್ಲ ಅಂತ ಹಿಂಜರಿಯೋರಿಗೆ ಒಂದು ಮಾತು. 1960ರಲ್ಲಿ ಈಗಿನ ತಾಂಜಾನಿಯಾದ ಗೊಂಬೆ ಅನ್ನೋ ಕಾಡಿಗೆ ಚಿಂಪಾಂಜಿ ನೋಡೋಕೆ ಹೋದಾಗ ಜೇನ್ ಗುಡಾಲ್ ಹತ್ರ ಡಿಗ್ರಿನೇ ಇರ್ಲಿಲ್ಲ. ಈಗ ಕಾಲ ಬದಲಾಗಿದೆ, ಡಿಗ್ರಿ ಬೇಡ ಅಂತ ನಾನು ಹೇಳ್ತಿಲ್ಲ, ಆದ್ರೆ ಮರಗೆಲಸ ಬರೋರು, ಮ್ಯಾಪ್ ಮಾಡೋರು, ಲೆಕ್ಕ ಬರೆಯೋರು, ಮಕ್ಕಳಿಗೆ ಕಥೆ ಹೇಳೋರು ಎಲ್ಲರೂ ಈ ಫೀಲ್ಡ್‌ಗೆ ಬೇಕು. ಫೀಲ್ಡ್ ಕಡೆ ಹೋಗೋ ಆಸೆ ಇದ್ರೆ ಮ್ಯಾಪ್ ಮಾಡೋ ಕ್ಯೂಜಿಐಎಸ್ ಮತ್ತೆ ಅಂಕಿಅಂಶ ಲೆಕ್ಕ ಹಾಕೋ ಆರ್ ಅನ್ನೋ ಸಾಫ್ಟ್‌ವೇರ್ ಎರಡೂ ಫ್ರೀ, ಮನೇಲೇ ಕೂತು ಕಲೀಬೋದು. ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲೋ, ಹಕ್ಕಿಗಳಿಗೇ ಇರೋ ಈಬರ್ಡ್‌ನಲ್ಲೋ ಒಂದು ವರ್ಷ ತಪ್ಪದೆ ನೋಡಿದ ಹಕ್ಕಿ, ಹುಳ, ಗಿಡ ಹಾಕ್ತಾ ಬನ್ನಿ, ಇಂಟರ್‌ವ್ಯೂನಲ್ಲಿ ತೋರ್ಸೋಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಕೈಯಲ್ಲಿ ಅನುಭವ ಏನೂ ಇಲ್ವಾ, ಹತ್ತಿರದ ನಾಯಿ ಶೆಲ್ಟರ್‌ನಲ್ಲಿ ಎರಡು ತಿಂಗಳು ಬೋನು ತೊಳೀರಿ, ಅದೂ ಲೆಕ್ಕಕ್ಕೆ ಬರತ್ತೆ.

ಅರ್ಜಿ ಬರೆಯುವಾಗ "ಚಿಕ್ಕಂದಿನಿಂದ ನಂಗೆ ಪ್ರಾಣಿ ಅಂದ್ರೆ ಪ್ರಾಣ" ಅಂತ ಶುರು ಮಾಡ್ಬೇಡಿ ಪ್ಲೀಸ್. ಎಲ್ಲರೂ ಅದನ್ನೇ ಬರೀತಾರೆ. ಅದ್ರ ಬದಲು "ಬೆಳಗ್ಗೆ ಐದಕ್ಕೆ ಏಳ್ತೀನಿ, ಇಪ್ಪತ್ತು ಕೆಜಿ ಫೀಡ್ ಚೀಲ ಎತ್ತುತೀನಿ, ಶೆಲ್ಟರ್‌ನಲ್ಲಿ ಇಷ್ಟು ಗಂಟೆ ಕೆಲಸ ಮಾಡಿದೀನಿ, ಈ ತಾರೀಖಿಂದ ಈ ತಾರೀಖಿನವರೆಗೆ ಫ್ರೀ ಇದೀನಿ" ಅಂತ ಬರೆದ್ರೆ ಓದೋರಿಗೆ ಸಮಾಧಾನ ಆಗತ್ತೆ. ಆ ಸಂಸ್ಥೆ ಮಾಡ್ತಿರೋ ಒಂದು ಕೆಲಸನಾದ್ರೂ ಹೆಸರು ಹಿಡಿದು ಬರೀರಿ, ಒಂದೇ ಮೇಲ್‌ನ ನಲವತ್ತು ಕಡೆಗೆ ಕಳಿಸಿದ್ದು ಗೊತ್ತಾಗೇ ಆಗತ್ತೆ. ಅವರು ಕೇಳಿದ ಹಾಗೆ ನೀವೂ ಕೇಳಿ, ವಾರಕ್ಕೆ ಎಷ್ಟು ದಿನ ರಜ, ಟ್ರೈನಿಂಗ್ ಯಾರು ಕೊಡ್ತಾರೆ, ಏಟಾದ್ರೆ ಇನ್ಶೂರೆನ್ಸ್ ಯಾರದ್ದು. ಉತ್ತರ ಕೊಡೋಕೆ ತಡವರಿಸಿದ್ರೆ ಯೋಚನೆ ಮಾಡಿ.

ಸೆಲೆಕ್ಟ್ ಆದ್ರಾ, ಬ್ಯಾಗ್ ಪ್ಯಾಕ್ ಮಾಡೋ ಮುಂಚೆ ಡಾಕ್ಟರ್ ಹತ್ರ ಹೋಗಿ. ಸಸ್ತನಿಗಳ ಜೊತೆ ಕೆಲಸ ಅಂದ್ರೆ ರೇಬೀಸ್ ಲಸಿಕೆ ಮೊದಲೇ ಹಾಕಿಸ್ಕೊಂಡಿರ್ಬೇಕು, ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳ್ತಿರೋದು ಎರಡು ಡೋಸ್, ಮೊದಲ ದಿನ ಒಂದು, ಅದಾಗಿ ಏಳು ದಿನಕ್ಕೆ ಇನ್ನೊಂದು. ಹಾಗಂತ ಕಚ್ಚಿದ್ಮೇಲೆ ಸುಮ್ನೆ ಇರೋ ಹಾಗಿಲ್ಲ, ಸೋಪು ನೀರಲ್ಲಿ ಹದಿನೈದು ನಿಮಿಷ ತೊಳ್ದು ಮತ್ತೆ ಆಸ್ಪತ್ರೆಗೆ ಹೋಗ್ಲೇಬೇಕು, ಯಾಕಂದ್ರೆ ಲಕ್ಷಣ ಕಾಣಿಸ್ಕೊಂಡ ಮೇಲೆ ರೇಬೀಸ್‌ನಿಂದ ಬದುಕೋರು ಇಲ್ಲ ಅಂತಾನೇ ಲೆಕ್ಕ. ಟೆಟನಸ್ ಇಂಜೆಕ್ಷನ್ ಹಳೇದಾಗಿದ್ಯಾ ನೋಡಿ. ಕೋತಿ, ಆನೆ ಇರೋ ಕಡೆ ನಿಮಗೇ ಟಿಬಿ ಟೆಸ್ಟ್ ಮಾಡಿಸ್ತಾರೆ, ಬೇಜಾರಾಗ್ಬೇಡಿ, ನಮ್ಮಿಂದ ಅವಕ್ಕೆ ಹರಡತ್ತೆ.

ಮೊದಲ ವಾರ ನೀವು ಮಾಡೋದು ಕ್ಲೀನಿಂಗ್. ಎರಡನೇ ವಾರನೂ ಅದೇ. ಇದರಲ್ಲೂ ಕಲಿಯೋದಿದೆ, ಮಣ್ಣು, ಹಿಕ್ಕೆ ಮೇಲೆ ಬ್ಲೀಚ್ ಸುರಿದ್ರೆ ಅದು ಕೆಲಸನೇ ಮಾಡಲ್ಲ, ಮೊದಲು ಸೋಪಲ್ಲಿ ಉಜ್ಜಿ ತೊಳ್ದು ಆಮೇಲೆ ಬ್ಲೀಚ್ ನೀರು ಹಾಕಿ ಡಬ್ಬಿ ಮೇಲೆ ಬರೆದಿರೋಷ್ಟು ಹೊತ್ತು ಹಾಗೇ ಬಿಡ್ಬೇಕು. ಮೂತ್ರ ನಿಂತಿರೋ ಕಡೆ ಸೀದಾ ಬ್ಲೀಚ್ ಹಾಕಿದ್ರೆ ವಿಷದ ಗಾಳಿ ಏಳತ್ತೆ, ಕಣ್ಣು ಗಂಟಲು ಉರಿದು ಹೊರಗೆ ಓಡಿ ಬರ್ಬೇಕಾಗತ್ತೆ, ನಾನು ಓಡಿ ಬಂದಿದೀನಿ. ಕ್ಲೀನ್ ಮಾಡ್ತಾ ಮಾಡ್ತಾನೇ ಕಣ್ಣು ತೆರೆದಿರ್ಲಿ, ನಿನ್ನೆ ಎಷ್ಟು ತಿಂದು ಬಿಟ್ಟಿದೆ, ಹಿಕ್ಕೆ ಹೇಗಿದೆ, ಯಾವ ಕಾಲು ಊರ್ತಿಲ್ಲ. ಡಾಕ್ಟರ್ ಬಂದಾಗ ಮೊದಲು ಕೇಳೋದು ಇದನ್ನೇ, ಉತ್ತರ ಗೊತ್ತಿರೋದು ಪೊರಕೆ ಹಿಡಿದೋರಿಗೆ.

ಊಟ ಕೊಡೋ ಕೆಲಸ ಸಿಕ್ಕಾಗ ನಿಮ್ಮ ಕರುಣೆನ ಸ್ವಲ್ಪ ಪಕ್ಕಕ್ಕಿಡಿ. ತಣ್ಣಗಾಗಿರೋ ಮರಿಗೆ ಹಾಲು ಕೊಟ್ರೆ ಜೀರ್ಣ ಆಗಲ್ಲ, ಮೊದಲು ಬೆಚ್ಚಗೆ ಮಾಡ್ಬೇಕು, ಆಮೇಲೆ ನೀರಿನಂಶ, ಕೊನೆಗೆ ಊಟ. ಹಸುವಿನ ಹಾಲು ಎಲ್ಲಾದಕ್ಕೂ ಆಗಲ್ಲ, ಒಂದೊಂದು ಪ್ರಾಣಿ ಹಾಲು ಒಂದೊಂದು ಥರ, ಕೆಲವು ಸೀಲ್‌ಗಳ ಹಾಲಲ್ಲಿ ಅರ್ಧದಷ್ಟು ಬರೀ ಕೊಬ್ಬೇ. ಹಕ್ಕಿ ಬಾಯಿಗೆ ನೀರು ಹನಿಸೋಕೆ ಹೋಗ್ಲೇಬೇಡಿ, ಅವುಗಳ ಶ್ವಾಸನಾಳ ನಾಲಿಗೆ ಬುಡದಲ್ಲೇ ತೆರ್ಕೊಂಡಿರತ್ತೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿಯತ್ತೆ. ಹಿಡಿಯೋದು ಕಲಿಸುವಾಗ ಗಮನ ಕೊಡಿ, ಹದ್ದು ಗೂಬೆಗಳಲ್ಲಿ ಭಯ ಪಡ್ಬೇಕಾಗಿರೋದು ಕಾಲಿಗೆ, ಕೊಕ್ಕರೆ ಬಕಗಳಲ್ಲಿ ಕೊಕ್ಕಿಗೆ, ಅದು ಕಣ್ಣಿಗೇ ಗುರಿ ಇಡತ್ತೆ, ಗಾಗಲ್ಸ್ ಹಾಕ್ಕೊಳ್ಳಿ. ಜಿಂಕೆ ಥರದವನ್ನ ಓಡಿಸ್ಕೊಂಡು ಹೋಗಿ ಹಿಡಿದ್ರೆ ಆ ಗಾಬರಿಗೇ ಮಾಂಸಖಂಡ ಹಾಳಾಗಿ ಕೆಲವು ದಿನ ಬಿಟ್ಟು ಸತ್ತೋಗ್ಬೋದು, ಹಾಗಾಗಿ ಮಾತಿಲ್ಲ, ಫೋನಿಲ್ಲ, ಕತ್ತಲೆ ಡಬ್ಬಿ, ಬೇಗ ಮುಗಿಸು. ನಾವು ಸಮಾಧಾನ ಮಾಡ್ತಿದೀವಿ ಅಂತ ತಲೆ ಸವರೋದು ಅದರ ಲೆಕ್ಕದಲ್ಲಿ ಬೇಟೆಯಾಡೋ ಪ್ರಾಣಿ ತನ್ನನ್ನ ಹಿಡ್ಕೊಂಡ ಹಾಗೆ.

ಫೀಲ್ಡ್ ಕೆಲಸದಲ್ಲಿ ಪೊರಕೆ ಬದಲು ಮೆಮೊರಿ ಕಾರ್ಡ್ ಇರತ್ತೆ ಅಷ್ಟೇ. ಮುಂದೆ ಏನಾದ್ರೂ ಅಲ್ಲಾಡಿದ್ರೆ ತಾನೇ ಕ್ಲಿಕ್ ಆಗೋ ಕ್ಯಾಮೆರಾ ಟ್ರ್ಯಾಪ್‌ನ ಸಾವಿರಾರು ಫೋಟೋ ಒಂದೊಂದೇ ನೋಡಿ ಹೆಸರು ಹಾಕ್ಬೇಕು, ಅದರಲ್ಲಿ ಮುಕ್ಕಾಲುಪಾಲು ಗಾಳಿಗೆ ಹುಲ್ಲು ಅಲ್ಲಾಡಿದ್ದು. ನಾನೊಂದ್ಸಲ ಬ್ಯಾಟರಿ ಬದಲಾಯಿಸಿ ತಾರೀಖು ಸೆಟ್ ಮಾಡೋದು ಮರೆತು ಒಂದು ತಿಂಗಳ ಡೇಟಾ ದಂಡ ಮಾಡಿದೀನಿ. ಹೇಳದೆ ಮುಚ್ಚಿಡೋಣ ಅನ್ಸಿತ್ತು, ಹೇಳಿದೆ, ಬೈಸ್ಕೊಂಡೆ, ಆಮೇಲೆ ಪ್ರತಿ ಕ್ಯಾಮೆರಾ ಮುಂದೆ ಸ್ಲೇಟಲ್ಲಿ ತಾರೀಖು ಟೈಮ್ ಬರೆದು ಹಿಡ್ಕೊಂಡು ಒಂದು ಫೋಟೋ ತೆಗೆಯೋ ಅಭ್ಯಾಸ ಮಾಡ್ಕೊಂಡೆ. ತಪ್ಪು ಮಾಡಿದ ದಿನಾನೇ ಹೇಳ್ಬಿಡಿ, ಬೋನಿನ ಚಿಲಕ ಹಾಕಿದ್ನೋ ಇಲ್ವೋ ಅಂತ ಡೌಟ್ ಇದ್ರೂ ರಾತ್ರಿ ಹನ್ನೊಂದಕ್ಕಾದ್ರೂ ಫೋನ್ ಮಾಡಿ.

ಬಂದ ಪ್ರಾಣಿಗಳೆಲ್ಲ ಬದುಕಲ್ಲ, ಇದನ್ನ ಯಾರೂ ಜಾಹೀರಾತಲ್ಲಿ ಹಾಕಲ್ಲ. ರೆಕ್ಕೆ ಕೀಲಿನ ಹತ್ರಾನೇ ಮುರಿದಿರೋ ಹಕ್ಕಿ ಮತ್ತೆ ಹಾರಲ್ಲ ಅಂತ ಗೊತ್ತಾದ್ರೆ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸ್ಬಿಡ್ತಾರೆ, ಹತ್ತು ದಿನದಿಂದ ನೀವೇ ಊಟ ಕೊಟ್ಟಿರ್ತೀರ. ಅಳು ಬಂದ್ರೆ ಅಳಿ, ಆದ್ರೆ ರಜದ ದಿನ ನಿಜವಾಗ್ಲೂ ರಜ ತಗೊಳ್ಳಿ, ಅವತ್ತೂ ಸೆಂಟರ್‌ಗೆ ಹೋಗಿ ಕೂರೋರು ಎರಡೇ ತಿಂಗಳಿಗೆ ಸುಸ್ತಾಗಿ ಬಿಟ್ಟು ಹೋಗೋದನ್ನ ನೋಡಿದೀನಿ.

ಫೋಟೋ ಹಾಕೋ ಮುಂಚೆ ಸಂಸ್ಥೆಯವರನ್ನ ಕೇಳಿ, ಲೊಕೇಶನ್ ಆಫ್ ಮಾಡಿ. ಘೇಂಡಾಮೃಗ ಇರೋ ಜಾಗ, ಗೂಡಿರೋ ಮರ, ಇವೆಲ್ಲ ಕಳ್ಳಬೇಟೆಯೋರಿಗೂ ಕಾಣ್ತವೆ.

ಹೊರಡೋ ವಾರದಲ್ಲಿ ಬರೀ ಸರ್ಟಿಫಿಕೇಟ್ ಇಸ್ಕೊಂಡು ಬರ್ಬೇಡಿ. ಎಷ್ಟು ಗಂಟೆ ಕೆಲಸ ಮಾಡಿದ್ರಿ, ಯಾವ ಯಾವ ಪ್ರಾಣಿ, ಏನೇನು ಕೆಲಸ ಒಬ್ಬರೇ ಮಾಡೋಕೆ ಬರತ್ತೆ ಅಂತ ಬರೆಸ್ಕೊಂಡು ಸೂಪರ್‌ವೈಸರ್ ಸಹಿ ಹಾಕಿಸ್ಕೊಳ್ಳಿ, ಮುಂದಿನ ವರ್ಷ ನೀವು ಕೇಳೋ ಹೊತ್ತಿಗೆ ಅವರು ಬೇರೆ ಕಡೆ ಹೋಗಿರ್ತಾರೆ. ಶೂ ತಳ ಮಾತ್ರ ಅಲ್ಲೇ ಉಜ್ಜಿ ತೊಳ್ದು ಡಿಸಿನ್‌ಫೆಕ್ಟ್ ಮಾಡಿ ಬನ್ನಿ, ಮುಂದಿನ ಸೆಂಟರ್‌ಗೆ ಅದೇ ಶೂ ಹಾಕ್ಕೊಂಡು ಹೋಗ್ತೀರಲ್ಲ.