ಲಿಮಿಟಿಂಗ್ ರೀಏಜೆಂಟ್‌ಗೆ ನಾಲ್ಕು ಫುಗ್ಗಾ

ಧಾರವಾಡದಲ್ಲಿ ಪಿಯುಸಿ ಮೊದಲ ವರ್ಷದವರಿಗೆ ಲಿಮಿಟಿಂಗ್ ರೀಏಜೆಂಟ್, ಅಂದರೆ ರಾಸಾಯನಿಕ ಕ್ರಿಯೆಯಲ್ಲಿ ಮೊದಲು ಮುಗಿದು ಕ್ರಿಯೆಯನ್ನೇ ನಿಲ್ಲಿಸುವ ವಸ್ತು, ಕಲಿಸುವಾಗ ಹೆಚ್ಚಾಗಿ ಎದುರಾಗುವ ತಪ್ಪು ಇದು: ಯಾವುದರ ಗ್ರಾಂ ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ ಅಂತ ಹುಡುಗರು ಹಿಡಿದುಬಿಡುತ್ತಾರೆ. ಬೋರ್ಡಿನ ಮೇಲೆ ತಿದ್ದಿದರೆ ಹೋಗುವ ತಪ್ಪಲ್ಲ. ಹಾಗಾಗಿ ಲೆಕ್ಕಕ್ಕಿಂತ ಮೊದಲು ಫುಗ್ಗಾ (ಬಲೂನು) ತೆಗೆಯುತ್ತೇನೆ.

ಅರ್ಧ ಲೀಟರಿನ ನಾಲ್ಕು ನೀರಿನ ಬಾಟಲಿ, ಒಂದೊಂದಕ್ಕೂ ಶೇ. 4 ಆಮ್ಲತೆಯ ವಿನೆಗರ್ 50 ಮಿ.ಲೀ. ಅದರಲ್ಲಿ ಅಸಿಟಿಕ್ ಆಮ್ಲ 2 ಗ್ರಾಂ, ಅಂದರೆ 0.033 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ), ಅದಕ್ಕೆ ಸರಿಹೋಗುವ ಅಡುಗೆ ಸೋಡಾ 2.8 ಗ್ರಾಂ. ಫುಗ್ಗಾಗಳಲ್ಲಿ 0.7, 1.4, 2.8, 5.6 ಗ್ರಾಂ ಸೋಡಾ ತುಂಬಿ ಬಾಟಲಿ ಬಾಯಿಗೆ ಸಿಕ್ಕಿಸಿ, ಜೋತುಬಿಡಬೇಕು. ಸೋಡಾ ಈಗಲೇ ಬೀಳಬಾರದು; ಆಮೇಲೆ ಫುಗ್ಗಾ ಎತ್ತಿದಾಗ ವಿನೆಗರಿಗೆ ಬಿದ್ದು, ಏಳುವ ಗ್ಯಾಸಿಗೆ ಫುಗ್ಗಾ ಉಬ್ಬುತ್ತದೆ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾನೇ ಬೇಕು. ಬೇಕಿಂಗ್ ಪೌಡರಿನಲ್ಲಿ ಪಿಷ್ಟ, ಆಮ್ಲ ಬೆರೆತಿರುವುದರಿಂದ ಲೆಕ್ಕ ಕೆಡುತ್ತದೆ. ಚಮಚದ ಅಳತೆ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ಇರಲಿ. ಬಾಟಲಿಗೆ ಮುಚ್ಚಳ ಮಾತ್ರ ಯಾರೂ ಹಾಕಬಾರದು, ಸಿಡಿಯಬಹುದು.

ಫುಗ್ಗಾ ಎತ್ತುವ ಮುನ್ನ ಪ್ರಶ್ನೆ: 2.8ರದು ದೊಡ್ಡದಾಗುತ್ತದೋ, 5.6ರದೋ, ಎರಡೂ ಸಮವೋ? ಕೈ ಎತ್ತಿಸಿದರೆ ಮುಂದಿನ ಬೆಂಚು ನೋಡಿ ಹಿಂದಿನವರೂ ಎತ್ತುತ್ತಾರೆ. ಅದಕ್ಕೆ ಅ, ಆ, ಇ ಬರೆದ ಚೀಟಿಯನ್ನು ಎಲ್ಲರೂ ಒಮ್ಮೆಲೇ ಎದೆಗೆ ಹಿಡಿಯಬೇಕು. ಆಮೇಲೆ ಬೇರೆ ಚೀಟಿ ಹಿಡಿದವರ ಜೊತೆ ಮೂರು ನಿಮಿಷ ವಾದ, ಮತ್ತೆ ಮತ. ಹಾರ್ವರ್ಡಿನ ಎರಿಕ್ ಮಜೂರ್ ಭೌತಶಾಸ್ತ್ರದ ತರಗತಿಯಲ್ಲಿ 1991ರಿಂದ ನಡೆಸಿದ ಕ್ರಮವೇ ಇದು. ‘ಸೋಡಾ ಡಬಲ್ ಐತಿ, ಗ್ಯಾಸೂ ಡಬಲ್ ಬರ್ತೈತಿ’ ಎಂಬ ಮಾತು ಕೇಳಿದಾಗ ಬಾಯಿ ಬಿಗಿಹಿಡಿಯುವುದೇ ಮಾಸ್ತರರಿಗೆ ಕಷ್ಟದ ಕೆಲಸ.

ನಾಲ್ಕನ್ನೂ ಒಟ್ಟಿಗೆ ಎತ್ತಿಸಿ. ಕೊನೆಯ ಎರಡು ಹೆಚ್ಚುಕಡಿಮೆ ಸಮವಾಗುತ್ತವೆ, ಸುಮಾರು 0.8 ಲೀಟರ್. ಇಲ್ಲೊಂದು ತೊಡಕಿದೆ: 1.4ಕ್ಕಿಂತ 2.8ರ ಫುಗ್ಗಾ ಎರಡು ಪಟ್ಟು ಕಾಣುವುದಿಲ್ಲ. ದಾರದಿಂದ ಸುತ್ತಳತೆ ತೆಗೆದರೆ ಸುಮಾರು 29 ಮತ್ತು 36 ಸೆಂ.ಮೀ. ಗಾತ್ರ ಇಮ್ಮಡಿಯಾದರೆ ಸುತ್ತಳತೆ 1.26 ಪಟ್ಟು ಮಾತ್ರ ಬೆಳೆಯುತ್ತದೆ. ಇದನ್ನು ಹೇಳದಿದ್ದರೆ ‘ಪ್ರಯೋಗ ಫೇಲ್’ ಅನ್ನುತ್ತಾರೆ. ಹೊಸ ಫುಗ್ಗಾ ಬಿಗಿಯಾಗಿರುತ್ತದೆ, ಮೊದಲೇ ಒಂದೆರಡು ಸಲ ಊದಿ ಸಡಿಲ ಮಾಡಿ, ಒಳಗಿನ ತೇವ ಒಣಗಿಸಿಡಿ. ಇಲ್ಲವಾದರೆ ಸೋಡಾ ಅಂಟಿ ಕೂರುತ್ತದೆ.

ಫುಗ್ಗಾ ತೆಗೆದ ಮೇಲೆ 5.6ರ ಬಾಟಲಿಗೆ ಇನ್ನಷ್ಟು ವಿನೆಗರ್ ಸುರಿಸಿ, ನೊರೆ ಏಳುತ್ತದೆ. 0.7ರದಕ್ಕೆ ಒಂದು ಚಿಟಿಕೆ ಸೋಡಾ ಹಾಕಿಸಿ, ಅಲ್ಲೂ ನೊರೆ. ಈಗ ಕೇಳಿ: 5.6ರ ಬಾಟಲಿಗೆ ಮೊದಲು ಹಾಕಿದ್ದು ಸೋಡಾ 5.6 ಗ್ರಾಂ, ವಿನೆಗರ್ ಸುಮಾರು 50 ಗ್ರಾಂ. ಮುಗಿದದ್ದು ಯಾವುದು? ಮೋಲ್ ಲೆಕ್ಕ ಬೋರ್ಡಿಗೆ ಬರುವುದು ಇದಾದ ಮೇಲೆ.