ಆಯಿಲ್ ಬದಲಿಸಿದ ಮೇಲೆ ಎಂಜಿನ್ ಕೆಟ್ಟರೆ: ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಲೆಕ್ಕ ಕೇಳಿ

ಬಳ್ಳಾರಿಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಆಯಿಲ್ ಚೇಂಜ್ ಅಂದರೆ ಅರ್ಧ ಗಂಟೆಯ ಕೆಲಸ. ಅದಿರು ಲಾರಿಗಳ ಕೆಂಪು ಧೂಳು, ಮೇಲಿಂದ ಬಿಸಿಲು, ಹಾಗಾಗಿ ಇಲ್ಲಿ ಸ್ವಲ್ಪ ಮುಂಚೆಯೇ ಬದಲಿಸುವವರು ಜಾಸ್ತಿ. ಕೆಲಸ ಚಿಕ್ಕದೇ, ಆದರೆ ಕೆಳಗಿನ ಒಂದು ನಟ್ ಸಡಿಲ ಬಿಟ್ಟರೆ ಎಂಜಿನ್ನೇ ಹೋಗುತ್ತದೆ. ತೊಂದರೆ ಕಾಣಿಸಿದ ಮೇಲೆ ಹೆಚ್ಚಿನವರು ಮಾಡುವುದು ಎರಡು ಕೆಲಸ. ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡುತ್ತಾರೆ, ಇಲ್ಲವೇ ಅದೇ ಅಂಗಡಿಯವನನ್ನು ಕರೆಸಿ ಗಾಡಿ ಒಪ್ಪಿಸುತ್ತಾರೆ. ಮೊದಲನೆಯದರಲ್ಲಿ ಎಂಜಿನ್ ಹೋಗುತ್ತದೆ, ಎರಡನೆಯದರಲ್ಲಿ ಸಾಕ್ಷಿ ಹೋಗುತ್ತದೆ. ದಯವಿಟ್ಟು ಎರಡೂ ಬೇಡ.

ಕೆಂಪು ದೀಪ ಬಂದರೆ ಆಗಲೇ ಆಫ್

ಮೀಟರ್ ಬೋರ್ಡಿನಲ್ಲಿ ಗಿಂಡಿಯಿಂದ ಹನಿ ಬೀಳುವಂಥ ಕೆಂಪು ಚಿಹ್ನೆ ಇದೆ ನೋಡಿ, ಅದು ಆಯಿಲ್ ಕಮ್ಮಿಯಾಗಿದೆ ಎಂದು ನಿಧಾನವಾಗಿ ನೆನಪಿಸುವ ದೀಪ ಅಲ್ಲ. ಆಯಿಲ್ ಪ್ರೆಷರ್ ಆಗಲೇ ಬಿದ್ದಿದೆ ಎಂದು ಹೇಳುವ ದೀಪ. ಎಂಜಿನ್ನಿನೊಳಗಿನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ತಿರುಗುವುದು ಬೇರಿಂಗಿನ ಮೇಲಿರುವ ತೆಳ್ಳನೆ ಆಯಿಲ್ ಪದರದ ಮೇಲೆ. ಆ ಪದರ ಹೋದರೆ ಲೋಹಕ್ಕೆ ಲೋಹ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಹೊಡೆದುಹೋಗುತ್ತದೆ, ಕೊನೆಗೆ ಎಂಜಿನ್ ಸೀಜ್ ಆಗಿ ತಿರುಗದೆ ಹಿಡಿದುಕೊಳ್ಳುತ್ತದೆ. ತೋರಣಗಲ್ಲು ದಾರಿಯಲ್ಲಿ ದೀಪ ಬಂತು, ಕುಡತಿನಿವರೆಗೆ ಹೇಗೋ ಹೋಗಿಬಿಡೋಣ ಅಂತ ಅಂದುಕೊಳ್ಳಬೇಡಿ. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಟೋ ಗಾಡಿ ಕರೆಸಿ. ಟೋ ಮಾಡಿಸಿದ ರಸೀದಿ ಇಟ್ಟುಕೊಳ್ಳಿ, ಆ ದುಡ್ಡನ್ನೂ ಮುಂದೆ ಕೇಳಬಹುದು. ದೀಪ ಬಂದ ಮೇಲೂ ಓಡಿಸಿದ್ದರೆ ಅಂಗಡಿಯವನು ಹಿಡಿಯುವುದು ಅದನ್ನೇ: "ನಿಲ್ಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ."

ಬಿಚ್ಚುವ ಮೊದಲು ಫೋಟೊ

ಗಾಡಿ ಸಮತಟ್ಟು ಜಾಗದಲ್ಲಿ ನಿಂತ ಮೇಲೆ, ಎಂಜಿನ್ ತಣಿದ ಮೇಲೆ, ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಕೆಳಗಿನ ಗೆರೆಗೂ ತಾಗಿಲ್ಲವೋ, ಮೇಲಿನ ಗೆರೆ ದಾಟಿದೆಯೋ? ಜಾಸ್ತಿ ಹಾಕುವುದೂ ತಪ್ಪೇ. ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಮಾಡುತ್ತದೆ, ನೊರೆ ಎಳೆದ ಪಂಪಿಗೆ ಪ್ರೆಷರ್ ಹಿಡಿಯಲಾಗುವುದಿಲ್ಲ. ಇಷ್ಟನ್ನೂ ವಿಡಿಯೊ ಮಾಡಿ, ಕಿಲೋಮೀಟರ್ ರೀಡಿಂಗ್ ಕೂಡ ಬರಲಿ.

ಆಮೇಲೆ ಕೆಳಗೆ. ಇದಕ್ಕೆ ಸಮಯ ಕೊಡಿ, ಕೇಸಿನ ಜೀವ ಇಲ್ಲೇ ಇರುವುದು. ಗ್ಯಾರೇಜಿನಲ್ಲಿ ಚೇಂಬರ್ ಅನ್ನುತ್ತಾರಲ್ಲ, ಆ ಆಯಿಲ್ ತೊಟ್ಟಿಯ ತಳದಲ್ಲಿ ಡ್ರೈನ್ ನಟ್ ಇರುತ್ತದೆ. ನಟ್ ಇದೆಯಾ? ಬೆರಳಲ್ಲೇ ತಿರುಗುತ್ತದಾ? ಅದರ ವಾಷರ್ ಇದೆಯಾ? ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ ಅತಿಯಾಗಿ ಬಿಗಿದು ಥ್ರೆಡ್ ಕಿತ್ತಿರುವುದೂ ಉಂಟು. ಇನ್ನೊಂದು ಕಳ್ಳ ಜಾಗ ಆಯಿಲ್ ಫಿಲ್ಟರ್. ಹಳೇ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ಕೀಳದೆ ಹೊಸ ಫಿಲ್ಟರ್ ತಿರುಗಿಸಿದರೆ ರಿಂಗಿನ ಮೇಲೆ ರಿಂಗ್ ಕೂತು, ಗಾಡಿ ನಿಂತಾಗ ಏನೂ ಕಾಣಿಸದೆ, ಎಂಜಿನ್ ಓಡಿ ಪ್ರೆಷರ್ ಏರಿದಾಗ ಜಾರಿ ಆಯಿಲೆಲ್ಲ ಚೆಲ್ಲಿಬಿಡುತ್ತದೆ. ಫಿಲ್ಟರ್ ಬಿಚ್ಚಿದಾಗ ಎರಡು ರಿಂಗ್ ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಚೇಂಬರ್ ತಳವನ್ನೂ ಪೂರ್ತಿ ಫೋಟೊ ತೆಗೆಯಿರಿ, ತಗ್ಗು ಬಿದ್ದಿಲ್ಲ ಅಂತ ಕಾಣಿಸಬೇಕು. ಯಾಕೆಂದರೆ ಅಂಗಡಿಯವನ ಮೊದಲ ಮಾತು "ಸಂಡೂರು ರಸ್ತೆಯಲ್ಲಿ ಕಲ್ಲು ಬಡಿದಿರಬೇಕು" ಅಂತಲೇ ಬರುತ್ತದೆ. ಎಲ್ಲ ಫೋಟೊಗಳ ಮೂಲ ಪ್ರತಿ ಫೋನಿನಲ್ಲೇ ಇರಲಿ. ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರವೂ ಹೋಗುತ್ತದೆ.

ಅಂಗಡಿಯವನನ್ನು ಕರೆಯಬೇಕು, ಗಾಡಿ ಕೊಡಬಾರದು

ಫೋನ್ ಮಾಡಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ಗಾಡಿ ತಗಂಡ್ ಬರ್ರಿ ಅಣ್ಣಾ, ಬಿಚ್ಚಿ ನೋಡಾಣ." ನೀವು ಹೇಳಬೇಕಾದ್ದು: "ಬಿಚ್ಚೋದು ಬ್ಯಾಡಪ್ಪಾ, ನೀನೇ ಇಲ್ಲಿಗೆ ಬಾ, ನಿನ್ನ ಮುಂದೇನೇ ನೋಡಾಣ." ಜಗಳ ಬೇಡ, ಧ್ವನಿಯೂ ಏರಿಸಬೇಡಿ. ಅವನು ಒಪ್ಪಿಕೊಂಡು ಖರ್ಚು ಕೊಡುತ್ತೇನೆ ಅಂದರೆ ಒಳ್ಳೆಯದೇ, ಏನು ಮಾಡಿಸಿಕೊಡುತ್ತಾನೆ, ಯಾವ ದಿನದೊಳಗೆ, ಎಲ್ಲವನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಮಾತ್ರ ಒಪ್ಪಬೇಡಿ.

ಒಪ್ಪದಿದ್ದರೆ ಸಂಬಂಧ ಇಲ್ಲದ ಬೇರೆ ಮಿಸ್ತ್ರಿ ಹತ್ತಿರ, ಆದರೆ ಅಂಗಡಿಯವನಿಗೆ ದಿನ, ಹೊತ್ತು ತಿಳಿಸಿ ಮೆಸೇಜ್ ಹಾಕಿಯೇ, ಎಂಜಿನ್ ಬಿಚ್ಚಿಸಿ. ಬರದಿದ್ದರೆ ಅದು ಅವನ ಇಷ್ಟ, ಕರೆದದ್ದಕ್ಕೆ ನಿಮ್ಮ ಹತ್ತಿರ ದಾಖಲೆ ಇರುತ್ತದೆ. ಬೇರಿಂಗ್ ಮೇಲೆ ಉಜ್ಜಿದ ಗೆರೆ, ಕ್ರ್ಯಾಂಕ್ ಮೇಲೆ ಬಿಸಿಗೆ ನೀಲಿಗಟ್ಟಿದ ಕಲೆ, ಫಿಲ್ಟರ್ ಕೊಯ್ದಾಗ ಮಡಿಕೆಗಳಲ್ಲಿ ಮಿಣಮಿಣ ಲೋಹದ ಪುಡಿ ಕಂಡರೆ ಆಯಿಲ್ ಸಿಗದೆ ಓಡಿದೆ ಅಂತ ತಿಳಿದವರು ಹೇಳುತ್ತಾರೆ. ಮಿಸ್ತ್ರಿಯಿಂದ ಲೆಟರ್‌ಹೆಡ್ ಮೇಲೆ ಕಾರಣ ಬರೆಸಿ. ದೊಡ್ಡ ಮೊತ್ತವಾದರೆ ಲೈಸೆನ್ಸ್ ಇರುವ ವಾಹನ ಸರ್ವೇಯರ್ ವರದಿಗೆ ತೂಕ ಜಾಸ್ತಿ. ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕಲು ಬಿಡಬೇಡಿ, ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ. ಎಂಜಿನ್ನಿನ ಆಯಿಲಿನಲ್ಲೂ ಸ್ವಲ್ಪವನ್ನು ಒಂದು ಶುದ್ಧ ಬಾಟಲಿಯಲ್ಲಿ ತೆಗೆದಿಡಿ.

ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಪಾಲಿಸಿ ಅಪಘಾತಕ್ಕೆ, ಇಂಥ ಮೆಕ್ಯಾನಿಕಲ್ ತೊಂದರೆಗೆ ಅಲ್ಲ.

ನೋಟಿಸು, ನಂತರ ಗ್ರಾಹಕ ಆಯೋಗ

ಬಿಲ್ ಇಲ್ಲದಿದ್ದರೂ ಕೈಚೆಲ್ಲಬೇಡಿ, ಫೋನ್‌ಪೇ ಅಥವಾ ಗೂಗಲ್ ಪೇ ದಾಖಲೆ, ಮೆಸೇಜುಗಳು ನೆರವಿಗೆ ಬರುತ್ತವೆ. ನೋಟಿಸು ನೀವೇ ಬರೆಯಬಹುದು: "ಇಂಥ ದಿನ, ಇಂಥ ನಂಬರಿನ ಗಾಡಿಗೆ, ಇಷ್ಟು ಕಿಲೋಮೀಟರ್ ಇದ್ದಾಗ ನಿಮ್ಮಲ್ಲಿ ಆಯಿಲ್ ಬದಲಿಸಿದೆ. ಡ್ರೈನ್ ನಟ್ ಬಿಗಿಯದ ಕಾರಣ ಆಯಿಲ್ ಸೋರಿ ಎಂಜಿನ್ ಹಾಳಾಗಿದೆ. ವರದಿ, ಫೋಟೊ ಲಗತ್ತಿಸಿದೆ. ರಿಪೇರಿ, ಟೋ ಖರ್ಚು ಸೇರಿ ಇಷ್ಟು ರೂಪಾಯಿ 15 ದಿನದೊಳಗೆ ಕೊಡಿ." ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕಂಪನಿಯ ಸರ್ವಿಸ್ ಸೆಂಟರ್ ಆಗಿದ್ದರೆ ಕಂಪನಿಗೂ ಒಂದು ಪ್ರತಿ, ಜಾಬ್ ಕಾರ್ಡ್ (ಸರ್ವಿಸಿಗೆ ಬಿಟ್ಟಾಗ ಅವರು ಬರೆದುಕೊಡುವ ಕೆಲಸದ ಚೀಟಿ) ನಕಲಿನ ಜೊತೆ.

ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥವರಿಗೆ ನಿಜಕ್ಕೂ ಅನುಕೂಲ ಮಾಡಿದೆ. ಹೊಸಪೇಟೆಯಲ್ಲಿ ಆಯಿಲ್ ಹಾಕಿಸಿದ್ದರೂ ನೀವು ಇರುವ ಊರು ಬಳ್ಳಾರಿ ಆಗಿದ್ದರೆ ಬಳ್ಳಾರಿಯಲ್ಲೇ ದೂರು ಕೊಡಬಹುದು. ವಕೀಲರು ಇರಲೇಬೇಕು ಅಂತಿಲ್ಲ. ಶುಲ್ಕ ನೋಡುವುದು ನೀವು ಆ ಸೇವೆಗೆ ಕೊಟ್ಟ ಹಣದ ಮೇಲೆ, ಅದು 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, ಆಯಿಲ್ ಬದಲಿಸಲು ಅಷ್ಟು ಯಾರು ಕೊಡುತ್ತಾರೆ ಅಲ್ವಾ. ದೂರು ಕೊಡಲು 2 ವರ್ಷ ಅವಕಾಶ ಇದೆ, ಆದರೆ ಕಾಯಬೇಡಿ. ರಿಪೇರಿ, ಟೋ, ಗಾಡಿ ಇಲ್ಲದ ದಿನಗಳ ಬಾಡಿಗೆ ಗಾಡಿ ಖರ್ಚು, ಅನುಭವಿಸಿದ ತೊಂದರೆಗೆ ಪರಿಹಾರ, ಕೇಸಿನ ಖರ್ಚು, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ, ರಸೀದಿ ಇರುವಲ್ಲಿ ರಸೀದಿ ಹಚ್ಚಿ ಕೇಳಿ. ಸುಮ್ನೆ ದೊಡ್ಡ ಮೊತ್ತ ಬರೆದರೆ ನಿಮ್ಮ ದೂರಿನ ತೂಕವೇ ಕಮ್ಮಿಯಾಗುತ್ತದೆ.

ಆದೇಶ ನಿಮ್ಮ ಕಡೆ ಬಂದರೆ ಅಂಗಡಿಯವನಿಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗಲು 45 ದಿನ ಇದೆ, ಆದರೆ ಆದೇಶದ ಮೊತ್ತದಲ್ಲಿ ಅರ್ಧ ಮೊದಲು ಕಟ್ಟಬೇಕು. ಅಪೀಲೂ ಇಲ್ಲ, ಹಣವೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಮ್ಮಿಯಿಲ್ಲದ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲೇ ಇದೆ. ಅರ್ಜಿ ಹಾಕುವಾಗ ಆದೇಶದ ದೃಢೀಕೃತ ಪ್ರತಿ ಜೊತೆಯಲ್ಲಿರಲಿ.