ಎಂಟನೇ ಕ್ಲಾಸಿನ ಗಣಿತ: ತೊಡಕು ಎಲ್ಲಿದೆ, ಮೊದಲು ಹುಡುಕಿ

ಏಳನೇ ಕ್ಲಾಸಿನವರೆಗೆ ಗಣಿತದಲ್ಲಿ ಚೆನ್ನಾಗಿಯೇ ಇದ್ದಳು, ಹೈಸ್ಕೂಲಿಗೆ ಬಂದ ಮೇಲೆ ಏನಾಯ್ತೋ ಗೊತ್ತಿಲ್ಲ. ಶಿರಸಿ ಪೇಟೆಯಲ್ಲಿರಲಿ, ಅಂಕೋಲೆಯ ಹಳ್ಳಿಯಲ್ಲಿರಲಿ, ಪಾಲಕರು ಹೇಳುವ ಮಾತು ಹೆಚ್ಚುಕಡಿಮೆ ಇದೇ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯ ಪೇಪರ್ ಮನೆಗೆ ಬಂದ ದಿನ ಬೈಗುಳ, ಮರುದಿನ ಟ್ಯೂಷನ್ ಹುಡುಕಾಟ. ಇವೆರಡಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಎಂಟನೇ ಕ್ಲಾಸಿನಲ್ಲಿ ಕಾಣುವ ತೊಂದರೆ ಬಹಳ ಸಲ ಎಂಟನೇ ಕ್ಲಾಸಿನದ್ದಲ್ಲ. ಭಿನ್ನರಾಶಿ, ಋಣಸಂಖ್ಯೆಗಳು ಹಿಂದಿನ ಕ್ಲಾಸುಗಳಲ್ಲೇ ಅರೆಬರೆ ಅರ್ಥವಾಗಿರುತ್ತವೆ. ಆಗ ಹೇಗೋ ಪಾಸಾಗಿ ಬಂದಿರುತ್ತಾರೆ. ಬೀಜಗಣಿತ ಜೋರಾಗಿ ಶುರುವಾದ ಕೂಡಲೇ ಅದು ಬಯಲಿಗೆ ಬರುತ್ತದೆ. ಹಾಗಾಗಿ ಈ ವರ್ಷದ ಪಾಠವನ್ನೇ ಮತ್ತೆ ಮತ್ತೆ ಉರು ಹೊಡೆಸಿದರೆ ಉಪಯೋಗ ಕಡಿಮೆ.

ತಪ್ಪು ಉತ್ತರಗಳನ್ನು ಓದಿ

ಎಷ್ಟು ಅಂಕ ಬಂತು ಅನ್ನುವುದನ್ನು ಸ್ವಲ್ಪ ಬದಿಗಿಡಿ. ಪೇಪರ್, ನೋಟ್‌ಬುಕ್ ಎರಡನ್ನೂ ಹರಡಿಕೊಂಡು ಮಗುವಿನ ಪಕ್ಕ ಕೂರಿ. ಕೆಂಪು ಗೆರೆ ಬಿದ್ದ ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿದೆ ನೋಡಿ. ಇದಕ್ಕೆ ನಿಮಗೆ ಗಣಿತ ಬರಲೇಬೇಕೆಂದಿಲ್ಲ. "ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದೆ, ಹೇಳು ನೋಡೋಣ" ಎಂದು ಕೇಳಿದರೆ ಸಾಕು. ಹೇಳುತ್ತಾ ಹೇಳುತ್ತಾ ಎಷ್ಟೋ ತಪ್ಪುಗಳನ್ನು ಮಕ್ಕಳೇ ಹಿಡಿಯುತ್ತಾರೆ.

ಒಂದು ತಪ್ಪು ಬಹಳ ಮಕ್ಕಳಲ್ಲಿ ಕಾಣುತ್ತದೆ. −3 − 5 ಎಷ್ಟು ಎಂದರೆ 8 ಎಂದು ಬರೆಯುತ್ತಾರೆ. ಯಾಕೆ ಎಂದು ಕೇಳಿ. "ಮೈನಸ್ ಮೈನಸ್ ಪ್ಲಸ್ ಅಲ್ದಾ ಆಯಿ?" ಎಂಬ ಉತ್ತರ ಬರುತ್ತದೆ. ಆ ನಿಯಮ ಗುಣಾಕಾರಕ್ಕೆ. ಮಗು ಅದನ್ನು ತಂದು ಇಲ್ಲಿ ಹಾಕಿದೆ. ಕಿರಾಣಿ ಅಂಗಡಿಯಲ್ಲಿ ನಿನ್ನೆ 3 ರೂಪಾಯಿ ಉದ್ರಿ ಇತ್ತು, ಇವತ್ತು ಮತ್ತೆ 5 ರೂಪಾಯಿ ಉದ್ರಿ ತಂದೆವು, ಈಗ ನಾವು ಕೊಡಬೇಕಾದದ್ದೋ, ನಮಗೆ ಬರಬೇಕಾದದ್ದೋ ಎಂದು ಕೇಳಿ ನೋಡಿ. −8 ತಾನಾಗಿಯೇ ಬರುತ್ತದೆ.

ಇನ್ನೊಂದು ಭಿನ್ನರಾಶಿಯದ್ದು. 1/2 ಕ್ಕೆ 1/3 ಕೂಡಿಸಲು ಹೇಳಿದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎನ್ನುತ್ತಾರೆ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಮತ್ತೇನೋ ಕೂಡಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಆಗುತ್ತದಾ? ಈ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. 5/6 ಎಂಬ ಉತ್ತರವನ್ನು ನೀವೇ ಹೇಳಿಬಿಡಬೇಡಿ.

ಇಂಥ ತಪ್ಪುಗಳನ್ನು ಒಂದು ಹಾಳೆಯಲ್ಲಿ ಮಗುವಿನ ಕೈಯಲ್ಲೇ ಬರೆಸಿಡಿ. ಮುಂದೆ ಬೇಕಾಗುತ್ತದೆ.

ಹಿಂದಿನ ಪುಸ್ತಕ ತೆಗೆಯಿರಿ

ತಪ್ಪು ಯಾವ ಕ್ಲಾಸಿನದ್ದೋ ಆ ಪುಸ್ತಕಕ್ಕೇ ಹೋಗಬೇಕು. ಹಳೆಯ ಪುಸ್ತಕ ಮನೆಯಲ್ಲಿ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಹೈಸ್ಕೂಲಿಗೆ ಹೋಗುವ ಮಗುವಿಗೆ ಆರನೇ ಕ್ಲಾಸಿನ ಪುಸ್ತಕ ಹಿಡಿಯಲು ನಾಚಿಕೆ ಆಗಬಹುದು. ತಮ್ಮ ತಂಗಿಯರ ಎದುರು, ನೆಂಟರ ಎದುರು ಆ ವಿಷಯ ಎತ್ತಲೇಬೇಡಿ. ಒಂದು ಅಧ್ಯಾಯ ಗಟ್ಟಿಯಾದ ಮೇಲೆ ಇನ್ನೊಂದು. ಅವಸರ ಬೇಡ.

ಒಂದು ಗುಂಟೆಯ ಲೆಕ್ಕ

ಎ ಪ್ಲಸ್ ಬಿ ಹೋಲ್ ಸ್ಕ್ವೇರ್. ಈ ಸೂತ್ರವನ್ನು ಬಾಯಿಪಾಠ ಮಾಡಿದ ಮಕ್ಕಳೂ ಲೆಕ್ಕಕ್ಕೆ ಕೂತಾಗ ಎ ಸ್ಕ್ವೇರ್, ಬಿ ಸ್ಕ್ವೇರ್ ಎರಡನ್ನೇ ಬರೆದು ನಡುವಿನ 2ಎಬಿ ಪದ ಬಿಟ್ಟುಬಿಡುತ್ತಾರೆ. ಬೈದು ಪ್ರಯೋಜನವಿಲ್ಲ. ಅದು ಎಲ್ಲಿಂದ ಬಂತೆಂದು ಕಣ್ಣಿಗೆ ಕಂಡಿಲ್ಲ, ಅಷ್ಟೇ.

ಶಿರಸಿ, ಸಿದ್ದಾಪುರದ ಕಡೆ ತೋಟ, ಗದ್ದೆ ಎಲ್ಲದಕ್ಕೂ ಗುಂಟೆ ಲೆಕ್ಕ. ಮಕ್ಕಳು ದಿನಾ ಕೇಳುವ ಮಾತು. 40 ಗುಂಟೆಗೆ ಒಂದು ಎಕರೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಗ್ರಾಫ್ ಹಾಳೆಯಲ್ಲಿ ಒಂದು ಮನೆಗೆ ಒಂದು ಅಡಿ ಅಂತ ಹಿಡಿದು ಈ ಚೌಕ ಬರೆಸಿ. ಈಗ 33 ಅನ್ನು 30 ಮತ್ತು 3 ಎಂದು ಒಡೆದು, ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಲಿ.

ಮಗುವಿನ ತಪ್ಪು ಸೂತ್ರದ ಪ್ರಕಾರ 30ರ ವರ್ಗ 900, 3ರ ವರ್ಗ 9, ಒಟ್ಟು 909. ಆದರೆ ಗುಂಟೆ 1,089. ಹಾಗಾದರೆ 180 ಚದರ ಅಡಿ ಎಲ್ಲಿ ಹೋಯಿತು? ಚಿತ್ರದಲ್ಲೇ ಇದೆ. ದೊಡ್ಡ ಚೌಕದ ಬದಿಗೆ 30 ಉದ್ದ 3 ಅಗಲದ ಒಂದು ಪಟ್ಟಿ, ಕೆಳಗೆ ಅಂಥದ್ದೇ ಇನ್ನೊಂದು. ಒಂದೊಂದು 90. ಎರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚಿಸಿ. 2ಎಬಿ ಅಂದರೆ ಆ ಎರಡು ಪಟ್ಟಿ. ಆಮೇಲೆ 52ರ ವರ್ಗವನ್ನು ಹೀಗೇ ಮಾಡಲು ಹೇಳಿ: 2,500, 200, 4 ಸೇರಿ 2,704. ಗುಣಾಕಾರ ಮಾಡಿ ತಾಳೆ ನೋಡಲಿ.

ಸಮೀಕರಣಗಳಿಗೂ ತಾಳೆ ನೋಡುವ ಅಭ್ಯಾಸ ಬೇಕೇ ಬೇಕು. 'ಆಚೆ ಹೋದರೆ ಚಿಹ್ನೆ ಬದಲು' ಎಂದಷ್ಟೇ ಕಲಿತ ಮಕ್ಕಳು ಬೇಗ ಎಡವುತ್ತಾರೆ. ಎಕ್ಸ್‌ನ ಎರಡರಷ್ಟಕ್ಕೆ 5 ಕೂಡಿಸಿದರೆ 17. ಎರಡೂ ಕಡೆ 5 ಕಳೆದರೆ 12 ಉಳಿಯಿತು, ಎಕ್ಸ್ 6. ಈ 6 ಅನ್ನು ಮೊದಲ ಸಾಲಿಗೆ ಹಾಕಿ 17 ಬಂತಾ ನೋಡಿದ ಮೇಲೆಯೇ ಪುಸ್ತಕ ಮುಚ್ಚಲಿ.

ದಿನಕ್ಕೆ ಸ್ವಲ್ಪ, ಆದರೆ ದಿನಾ

ಭಾನುವಾರ ಮೂರು ತಾಸು ಕೂರಿಸುವುದಕ್ಕಿಂತ ದಿನಾ ಇಪ್ಪತ್ತು, ಇಪ್ಪತ್ತೈದು ನಿಮಿಷ ಒಳ್ಳೆಯದು. ಐದಾರು ಲೆಕ್ಕ, ಅದರಲ್ಲಿ ಎರಡು ಹಿಂದಿನ ವಾರದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್, ಜುಲೈ ಬಂತೆಂದರೆ ಮಳೆ ರಜೆ ಇದ್ದದ್ದೇ. ಸಾಲಾಗಿ ರಜೆ ಸಿಕ್ಕಾಗ ಶಾಲೆಯ ಪಾಠವೂ ನಿಲ್ಲುತ್ತದೆ. ಹಿಂದಿನ ಕ್ಲಾಸಿನ ಬಾಕಿ ತೀರಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗಲಿಕ್ಕಿಲ್ಲ.

"ನಂಗೂ ಗಣಿತ ಬರ್ತಿರ್ಲಿಲ್ಲ" ಎಂದು ಮಕ್ಕಳ ಎದುರು ಹೇಳಬೇಡಿ. ಅದು ನಿಜವೂ ಅಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನೂರಕ್ಕೆ ಆರು ಬಂಗುಡೆ ಎಂದಾಗ ಇನ್ನೂರೈವತ್ತಕ್ಕೆ ಹದಿನೈದು ಎಂದು ಮಾರುವವರೂ ಕೊಳ್ಳುವವರೂ ಬಾಯಲ್ಲೇ ಹೇಳುತ್ತಾರೆ. ಪುಸ್ತಕದ ನೇರ ಅನುಪಾತ ಅದೇ. ಮಗುವನ್ನು ಸಂತೆಗೆ ಕರೆದುಕೊಂಡು ಹೋಗಿ, ಲೆಕ್ಕ ಅವಳೇ ಮಾಡಲಿ.

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇರುತ್ತದೆ. ಅದರಲ್ಲಿ ಗಣಿತದ ಪ್ರಶ್ನೆಗಳೂ ಇವೆ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಶಾಲೆಯಲ್ಲಿ ಈಗಲೇ ವಿಚಾರಿಸಿ.

ಪಾಲಕರ ಸಭೆಗೆ ಹೋದಾಗ "ನಮ್ಮವನು ಹೇಗಿದ್ದಾನೆ" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರವೇ ಜಾಸ್ತಿ ಸಿಗುವುದು. ತಪ್ಪುಗಳ ಹಾಳೆ ಜೊತೆಗೆ ಒಯ್ಯಿರಿ. ಅದನ್ನು ತೋರಿಸಿ, ಯಾವುದನ್ನು ಮೊದಲು ಸರಿಮಾಡಬೇಕು ಎಂದು ಕೇಳಿ. ಟ್ಯೂಷನ್‌ಗೆ ಸೇರಿಸುವುದಾದರೂ ಅದೇ ಹಾಳೆ ಇರಲಿ. ಭಿನ್ನರಾಶಿಯಿಂದ ಶುರು ಮಾಡಲು ಒಪ್ಪುವವರಿದ್ದರೆ ಸೇರಿಸಿ. ಶಾಲೆಯ ಪಾಠವನ್ನೇ ಸಂಜೆ ಇನ್ನೊಮ್ಮೆ ಬರೆಸುವವರಾದರೆ ಆ ಹೊತ್ತು ಮಗು ಮನೆಯಲ್ಲೇ ಆರನೇ ಕ್ಲಾಸಿನ ಪುಸ್ತಕ ಹಿಡಿದು ಕೂರಲಿ.